ಎಕ್ಸಿಟರ್‌ನ ವಕೀಲರು ಬರೆದ ಹುಡುಗನ ದಿನಚರಿ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಎಕ್ಸಿಟರ್, 1900ರ ಹೊತ್ತಿಗೆ ಐದು ಸಾವಿರದಷ್ಟು ಜನರಿದ್ದ ಊರು. ಹೆನ್ರಿ ಶೂಟ್ 1856ರಲ್ಲಿ ಹುಟ್ಟಿದ್ದು ಅಲ್ಲೇ. ಹಾರ್ವರ್ಡ್‌ನಲ್ಲಿ ಓದಿ ಬಂದು ವಕೀಲಿಕೆ ಹಿಡಿದದ್ದು, ಪೊಲೀಸ್ ಕೋರ್ಟಿನ ನ್ಯಾಯಾಧೀಶರಾಗಿ ದಶಕಗಟ್ಟಲೆ ಸಣ್ಣಪುಟ್ಟ ಮೊಕದ್ದಮೆ ವಿಚಾರಿಸಿದ್ದು ಕೂಡ ಅಲ್ಲೇ.

ಅವರಿಗೆ ಹೆಸರು ತಂದದ್ದು 1902ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾದ ‘ದ ರಿಯಲ್ ಡೈರಿ ಆಫ್ ಎ ರಿಯಲ್ ಬಾಯ್’. ತಂದೆಯ ಮನೆಯ ಹಳೇ ಕಪಾಟು ತಡಕಾಡುವಾಗ ಒಂದು ಉಪ್ಪಿನ ಪೆಟ್ಟಿಗೆ ಸಿಕ್ಕಿತೆಂದು ಮುನ್ನುಡಿ ಹೇಳುತ್ತದೆ. ಅದಕ್ಕೆ ತೊಗಲಿನ ಕೀಲು, ಬಗ್ಗಿಸಿದ ತಂತಿಯ ಚಿಲಕ. ಒಳಗೆ ಮೀನಿನ ಗಾಳದ ದಾರ ಮೊದಲಾದ ಹುಡುಗರ ಆಸ್ತಿಯ ಜೊತೆ 1860ರ ದಶಕದ ದಿನಚರಿ. ಇದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಪುಟಪುಟದಲ್ಲೂ ನಗೆಯ ಏಟು ಸರಿಯಾದ ಜಾಗಕ್ಕೇ ಬೀಳುತ್ತದೆ. ಹನ್ನೊಂದರ ಹುಡುಗನಿಗೆ ಅಷ್ಟು ಹದ ಸಿಗುವುದು ಕಷ್ಟ.

ತುಂಟ ಹುಡುಗರ ಕತೆ ಆಗಲೇ ಅಮೆರಿಕನ್ನರಿಗೆ ಚಿರಪರಿಚಿತ. ನೆರೆಯ ಪೋರ್ಟ್ಸ್‌ಮತ್ತಿನಲ್ಲಿ ಹುಟ್ಟಿದ ಥಾಮಸ್ ಬೇಲಿ ಆಲ್ಡ್ರಿಚ್ 1870ರಲ್ಲೂ ಮಾರ್ಕ್ ಟ್ವೇನ್ 1876ರಲ್ಲೂ ಅಂಥವನ್ನು ಬರೆದಿದ್ದರು. ಆದರೆ ಅಲ್ಲಿ ಕತೆ ಹೇಳುವುದು ದೊಡ್ಡವರ ದನಿ. ತಪ್ಪು ಕಾಗುಣಿತದ ದಿನಚರಿಯನ್ನು ಮೆಟ್ಟಾ ವಿಕ್ಟರ್ 1880ರಲ್ಲೇ ಪ್ರಯೋಗಿಸಿದ್ದರು. ಶೂಟ್ ಆ ತಂತ್ರಕ್ಕೆ ಒಂದು ನಿಜವಾದ ಊರನ್ನು ಒದಗಿಸಿದರು.

ದಿನಚರಿ ಬರೆ ಎಂದು ಹುಡುಗನಿಗೆ ಗಂಟುಬೀಳುವವರು ಅಪ್ಪ. ಅವರಿಗೆ ಬಾಸ್ಟನ್ನಿನ ಸುಂಕದ ಕಚೇರಿಯಲ್ಲಿ ಕೆಲಸ. ಬರೆಯುವವನ ಅಡ್ಡಹೆಸರು ಪ್ಲೂಪಿ, ಗೆಳೆಯರು ಬೀನಿ ಮತ್ತು ಪ್ಯೂಟ್. ಪ್ರತಿ ದಿನದ ಬರಹದಲ್ಲಿ ಮೊದಲು ಹವಾಮಾನ, ಬಹುಪಾಲು ದಿನ ಹೊಳೆಯುವ ಬಿಸಿಲೇ. ಆಮೇಲೆ ಯಾರು ಯಾರಿಗೆ ಹೊಡೆದರು, ಮೇಷ್ಟ್ರ ಕೈಲಿ ಯಾರಿಗೆ ಬಿತ್ತು ಎಂಬ ವರದಿ. ಹೊಡೆತ ತಿಂದದ್ದನ್ನೂ ಹವಾಮಾನದಷ್ಟೇ ನಿರ್ಲಿಪ್ತವಾಗಿ ದಾಖಲಿಸುವುದರಲ್ಲೇ ಹಾಸ್ಯವಿದೆ. ಕೋರ್ಟಿನಲ್ಲಿ ಸಾಕ್ಷಿ ಕೇಳುತ್ತಿದ್ದ ಶೂಟ್ ಅವರಿಗೆ ಆ ಧಾಟಿ ಚೆನ್ನಾಗಿ ಗೊತ್ತಿತ್ತು. ಊರಿನ ಎಷ್ಟೋ ಮಂದಿ ಸ್ವಂತ ಹೆಸರಿನಲ್ಲೇ ಬಂದುಹೋಗುತ್ತಾರೆ. ಕಕ್ಷಿದಾರರನ್ನು ನೆಚ್ಚಿ ಬದುಕುವ ವಕೀಲರಿಗೆ ಅದು ಸಣ್ಣ ಧೈರ್ಯವಲ್ಲ.

1904ರಲ್ಲಿ ಎರಡನೆಯ ಭಾಗ ಬಂತು, ಅದರ ಶೀರ್ಷಿಕೆಯಲ್ಲೇ ಕಾಗುಣಿತ ತಪ್ಪಿತ್ತು. ಮುಂದೆ ಪ್ಲೂಪಿಯ ಸುತ್ತ ಇನ್ನೂ ಹಲವು ಪುಸ್ತಕಗಳಾದವು; ಸರಕು ಮಾತ್ರ ಬಹುಮಟ್ಟಿಗೆ ಹಳೆಯದೇ. ಶೂಟ್ ತೀರಿಕೊಂಡದ್ದು 1943ರಲ್ಲಿ.