ಕೋಣಕ್ಕೆ ಕಡಿವಾಣವಿರಲಿಲ್ಲ: ಕಂಬಳದ ಸಲಕರಣೆ ಮತ್ತು ಹೊಯ್ಸಳ ಮೂಲದ ವಾದ

ಕುದುರೆಗೆ ಬದಲಾಗಿ ಕೋಣವನ್ನು ಯುದ್ಧಕ್ಕೆ ಬಳಸಬಹುದೇ ಎಂದು ಪರೀಕ್ಷಿಸಲು ಹೊಯ್ಸಳ ಅರಸರು ಕೆಸರುಗದ್ದೆಯ ಕೋಣಗಳ ಓಟವಾದ ಕಂಬಳವನ್ನು ಆರಂಭಿಸಿದರೆಂಬ ಹೇಳಿಕೆ ಪರಿಚಯ ಪುಸ್ತಿಕೆಗಳಿಂದ ಪತ್ರಿಕೆಗಳಿಗೂ ಪತ್ರಿಕೆಗಳಿಂದ ಮರಳಿ ಪುಸ್ತಿಕೆಗಳಿಗೂ ದಾಟುತ್ತ, ಸಾಮಾನ್ಯವಾಗಿ ಯಾವ ಶಾಸನದ ಹಂಗೂ ಇಲ್ಲದೆ, ಸತ್ಯದ ಸ್ಥಾನವನ್ನು ಗಳಿಸಿಕೊಂಡಿದೆ. ಹೊಯ್ಸಳ ಅರಸ ಮುಮ್ಮಡಿ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಕಂಬಳದ ನಾಡಾದ ಕರಾವಳಿಯ ಆಳುಪ ಮನೆತನದವಳಾಗಿದ್ದು ಬಾರಕೂರಿನಿಂದ ಆಳಿದ್ದು ನಿಜ. ಆದರೆ ರಾಜಕೀಯ ಸಂಬಂಧವೊಂದು ಇತ್ತೆಂದ ಮಾತ್ರಕ್ಕೆ ಕೆಸರುಗದ್ದೆಯಲ್ಲಿ ಅಶ್ವದಳದ ಪ್ರಯೋಗ ನಡೆಯಿತೆಂದು ಸಿದ್ಧವಾಗುವುದಿಲ್ಲ. ಈ ವಾದವನ್ನು ಒರೆಗೆ ಹಚ್ಚಲು ರಾಜವಂಶಾವಳಿಗಿಂತ ಪ್ರಾಣಿಯನ್ನು ಹತೋಟಿಯಲ್ಲಿಡುವ ಸಲಕರಣೆಯೇ ಹೆಚ್ಚು ನಂಬಲರ್ಹವಾದ ಸಾಕ್ಷಿ.

ಕಡಿವಾಣವೆಂದರೆ ಕುದುರೆಯ ಬಾಯೊಳಗೆ, ಮುಂಬಲ್ಲು ಮತ್ತು ದವಡೆಹಲ್ಲುಗಳ ನಡುವಿನ ಹಲ್ಲಿಲ್ಲದ ಸಂದಿನಲ್ಲಿ ಕೂರುವ ಲೋಹದ ಕಂಬಿ. ಅದರ ಎರಡು ತುದಿಗಳಿಂದ ಸವಾರನ ಕೈಗೆ ಬರುವ ಪಟ್ಟಿಯೇ ಲಗಾಮು. ನಡುವೆ ಕೀಲಿರುವ ಸಾದಾ ಕಂಬಿಯಾಗಲಿ, ಗದ್ದದ ಕೆಳಗಿನ ಸರಪಳಿಯೊಡನೆ ಸನ್ನೆಯಂತೆ ಒತ್ತುವ ಬಿಗಿ ಕಡಿವಾಣವಾಗಲಿ, ಅದನ್ನು ಆರಿಸುವಾಗ ನಾಲಿಗೆಯ ದಪ್ಪ, ಬಾಯಿಯ ಸೂಕ್ಷ್ಮತೆ, ಸವಾರನ ಕೈಯ ಹದ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನಿಲ್ಲಿಸುವುದು, ತಿರುಗಿಸುವುದು, ತಲೆಯ ಭಂಗಿಯನ್ನು ಕಾಯುವುದು ಎಂಬ ಮೂರು ಕೆಲಸಗಳನ್ನು ಅದು ಒಂದೇ ಕೈಯ ವಶಕ್ಕೆ ತಂದುಕೊಡುವುದರಿಂದಲೇ ಯೋಧನ ಇನ್ನೊಂದು ಕೈ ಆಯುಧಕ್ಕೆ ಬಿಡುವಾಗುತ್ತದೆ.

ಮೂಡುಬಿದಿರೆಯ ಕಡಲಕೆರೆ, ಬೆಳ್ತಂಗಡಿ ತಾಲೂಕಿನ ವೇಣೂರು, ಬಂಟ್ವಾಳ ತಾಲೂಕಿನ ಕಕ್ಯಪದವು ಮೊದಲಾದೆಡೆಗಳ ಜೋಡುಕರೆಗಳಲ್ಲಿ, ಎಂದರೆ ಅಕ್ಕಪಕ್ಕದ ಎರಡು ಓಟದ ಕಣಗಳಲ್ಲಿ, ಈ ಮೂರು ಕೆಲಸಗಳು ಹೇಗೆ ನಡೆಯುತ್ತವೆಂಬುದನ್ನು ಗಮನಿಸಿದರೆ ಹೊಯ್ಸಳವಾದದ ದೌರ್ಬಲ್ಯ ಬಯಲಾಗುತ್ತದೆ. ಓಟದ ಕಣವಾದ ಕರೆ ನೇರವಾಗಿರುವುದರಿಂದ ತಿರುಗಿಸುವ ಪ್ರಶ್ನೆಯೇ ಇಲ್ಲ. ಓಟ ಆರಂಭವಾಗುವ ಗಂತಿನಲ್ಲಿ ಕೋಣಗಳನ್ನು ಹಿಡಿದು ಬಿಡುವವರು ಬೇರೆಯೇ ಇರುತ್ತಾರೆ. ಓಟ ಮುಗಿಯುವ ಮಂಜೊಟ್ಟಿಯ ಏರು ನೆಲವೇ ಅವುಗಳ ವೇಗವನ್ನು ಕುಗ್ಗಿಸುತ್ತದೆ. ಎರಡೂ ತಲೆಗಳನ್ನು ಜೊತೆಯಲ್ಲಿಡುವುದು ನೊಗ. ಮೂಗುದಾರವಿದ್ದರೂ ಓಟದಲ್ಲಿ ಓಡಿಸುವವನ ಹಿಡಿತಕ್ಕೆ ಆಧಾರ ಅದಲ್ಲ: ಕಂಬಳದ ನಾಲ್ಕು ಬಗೆಗಳ ಪೈಕಿ ಹಗ್ಗದ ವಿಭಾಗದಲ್ಲಿ ನೊಗಕ್ಕೆ ಬಿಗಿದ ಹಗ್ಗ, ನೇಗಿಲಿನಲ್ಲಿ ಹಗುರವಾದ ನೇಗಿಲಿನಾಕಾರದ ಮರ, ಅಡ್ಡಹಲಗೆಯಲ್ಲಿ ಆತ ನಿಂತುಕೊಳ್ಳುವ ಹಲಗೆ, ಕೆನೆಹಲಗೆಯಲ್ಲಿ ತೂತುಗಳಿಂದ ನೀರು ಚಿಮ್ಮಿಸುವ ಮರದ ತುಂಡು.

ಕೋಣದ ಬಾಯಲ್ಲೂ ಹಲ್ಲಿಲ್ಲದ ಸಂದಿರುವುದರಿಂದ ಕಡಿವಾಣದ ಅಭಾವವನ್ನು ದೇಹರಚನೆಯೊಂದರಿಂದಲೇ ವಿವರಿಸಲಾಗದೆಂಬ ಆಕ್ಷೇಪ ನ್ಯಾಯವಾದುದೇ. ಮೂಗುದಾರದಿಂದ ಎತ್ತನ್ನು ಸವಾರಿಗೆ ಬಳಸಿದ ನಾಡುಗಳೂ ಇವೆ. ಆದರೆ ಕಂಬಳದ ನಾಲ್ಕು ಬಗೆಗಳಲ್ಲಿ ಒಂದರಲ್ಲೂ ಮನುಷ್ಯನು ಕೋಣದ ಬೆನ್ನೇರುವುದಿಲ್ಲ, ಒಂದರಲ್ಲೂ ಕೋಣವು ಒಂಟಿಯಾಗಿ ಓಡುವುದಿಲ್ಲ. ಅಶ್ವದಳಕ್ಕೆ ಬದಲಿಯನ್ನು ಹುಡುಕಹೊರಟ ಅರಸನು ಸವಾರನನ್ನೇ ಬಿಟ್ಟು ಪರೀಕ್ಷೆ ನಡೆಸಿದನೆಂದು ನಂಬಲು ವಿಶೇಷವಾದ ಶ್ರದ್ಧೆ ಬೇಕಾಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಅಧಿಷ್ಠಾನದಲ್ಲಿ ಸವಾರರ ಸಾಲೊಂದಿದೆ; ಅವರನ್ನು ಹೊತ್ತಿರುವುದು ಕುದುರೆ.

ಈ ಚರ್ಚೆಯಲ್ಲಿ ಉಪೇಕ್ಷೆಗೊಳಗಾದ ಆಕರವೆಂದರೆ 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕೋಶದಲ್ಲಿ, ಬಂಟರ ಕುರಿತ ಭಾಗಕ್ಕೆ ಸೇರಿದ ಹಾರ್ಡಿಂಗ್ ಎಂಬಾತನ ಕಂಬಳದ ಟಿಪ್ಪಣಿ. ವಸಾಹತುಕಾಲದ ಅಧಿಕಾರಿಗಳ ಬರಹಗಳನ್ನು ಎಚ್ಚರದಿಂದ ಓದಬೇಕಾದುದು ಸರಿಯಾದರೂ ಇಲ್ಲಿನ ವಿವರ ಪ್ರತ್ಯಕ್ಷದರ್ಶಿಯದಂತಿದೆ: ಬಹುಮಾನವಾಗಲಿ ಪಣವಾಗಲಿ ಇಲ್ಲ, ಗೆಲುವಿನ ಗೂಟವಿಲ್ಲ, ಒಂದೊಂದು ಜೋಡಿಯೂ ಪ್ರತ್ಯೇಕವಾಗಿ ಓಡುತ್ತದೆ, ನೆರೆದವರು ವೇಗ ಮತ್ತು ಶೈಲಿಗಳ ಜೊತೆಗೆ ಮುಖ್ಯವಾಗಿ ಚಿಮ್ಮಿದ ನೀರಿನ ಎತ್ತರ ಅಗಲಗಳನ್ನು ನೋಡಿ ತೀರ್ಪು ಕೊಡುತ್ತಾರೆ. ಉತ್ತ ಗದ್ದೆಯನ್ನು ಮಟ್ಟಮಾಡುವ ಹಲಗೆಯನ್ನು ಆತ ಇದೇ ಸಂದರ್ಭದಲ್ಲಿ ನೆನೆಯುತ್ತಾನೆ. ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೆಂದು ನೋಡುವ ಆ ಕ್ರಮ ಇಂದಿನ ಕೆನೆಹಲಗೆಯ ಆರೂವರೆ, ಏಳೂವರೆ ಕೋಲು ಎತ್ತರದ ನಿಶಾನೆಗಳಲ್ಲಿ ಉಳಿದುಬಂದಿದೆ. ನೊಗ, ನೇಗಿಲು, ಹಲಗೆ, ನೀರು ಈ ನಾಲ್ಕೂ ಬೇಸಾಯದವು. ರಣರಂಗದ ವಸ್ತು ಇಲ್ಲಿ ಒಂದೂ ಇಲ್ಲ.

ಓಡಿಸುವವನನ್ನು ಜಾಕಿಯೆಂದು ಕರೆಯುವ ಇತ್ತೀಚಿನ ರೂಢಿಯೂ ಇದೇ ಕುದುರೆಯ ಭ್ರಮೆಯ ಫಲ. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ, ಅದನ್ನು 100 ಮೀಟರಿಗೆ ಇಳಿಸಿ ಉಸೇನ್ ಬೋಲ್ಟನ 9.58 ಸೆಕೆಂಡಿನೊಡನೆ ತೂಗಿದವರು, ಆ ಓಟದಲ್ಲಿ ಮನುಷ್ಯನೂ ಕೋಣಗಳ ಸೆಳೆತಕ್ಕೆ ಒಳಗಾಗಿರುತ್ತಾನೆಂಬುದನ್ನು ಮರೆತರು. ಲಗಾಮು ಪ್ರಾಣಿಯನ್ನು ಹಿಂದಕ್ಕೆಳೆಯುತ್ತದೆ, ಕಂಬಳದ ಹಗ್ಗ ಮನುಷ್ಯನನ್ನು ಮುಂದಕ್ಕೆಳೆಯುತ್ತದೆ. ಹಾಗೆಂದು ಓಡಿಸುವವನ ಕೌಶಲ ಕಡಿಮೆಯದೆಂದಲ್ಲ. ಆ ಸೆಳೆತಕ್ಕೆ ಸರಿಗಟ್ಟಿ, ಕೆಸರಿನಲ್ಲಿ ಕಾಲು ತಪ್ಪದೆ ಓಡುವುದೇ ಆ ಕೌಶಲ.

ಕಂಬಳವು ಬೇಸಾಯದ ಸಲಕರಣೆಗಳಿಂದಲೇ ಬೆಳೆದ ಆಟ. ಹೊಯ್ಸಳ ಮೂಲವನ್ನು ಪ್ರತಿಪಾದಿಸುವವರು ಶಾಸನವನ್ನಾಗಲಿ, ಕೋಣವನ್ನೇರಿದ ಯೋಧನ ಶಿಲ್ಪವನ್ನಾಗಲಿ ಮುಂದಿಡುವವರೆಗೆ ಆ ಹೇಳಿಕೆಯನ್ನು ಪುಸ್ತಿಕೆಗಳಿಂದ ಕೈಬಿಡುವುದೇ ಉಚಿತ.