ಫಜ್, ಫಿಲ್ಟರ್ ಮತ್ತು ಮರೆತುಹೋದ ಬಲಗೈ

ಬೇಸ್ ಗಿಟಾರಿಗೆ ಫಜ್ ಪೆಡಲ್ ಹಾಕುವುದು ಇತ್ತೀಚಿನ ಶೋಕಿ ಎಂಬ ಮಾತು ಈಗ ಚೆನ್ನಾಗಿ ಬೇರುಬಿಟ್ಟಿದೆ. ಈ ವಿಷಯದ ಮೇಲೆ ಬರೆಯುವವರು ಮ್ಯೂಸ್ ತಂಡದ ‘ಹಿಸ್ಟೀರಿಯಾ’ದಿಂದಲೋ, ಇಬ್ಬರೇ ಇರುವ ರಾಯಲ್ ಬ್ಲಡ್ ತಂಡದಿಂದಲೋ ಕಥೆ ಶುರುಮಾಡುತ್ತಾರೆ. ಎನ್ವಲಪ್ ಫಿಲ್ಟರಿನ ಪಾಡು ಇನ್ನೂ ಕಡೆ. ಅದು ಬಾತುಕೋಳಿಯ ಸದ್ದು ಮಾಡುವ ಪೆಟ್ಟಿಗೆ, ಒಂದು ಕಾರ್ಯಕ್ರಮದಲ್ಲಿ ಒಂದು ಹಾಡಿಗೆ ತಮಾಷೆಗೆ ಬಳಸಿದರೆ ಸಾಕು ಎನ್ನುವವರೇ ಹೆಚ್ಚು. ಎರಡೂ ತಪ್ಪುಗಳಿಗೆ ಕಾರಣ ಒಂದೇ. ಪೆಡಲುಗಳ ಚರಿತ್ರೆಯನ್ನು ಇಲ್ಲಿಯವರೆಗೆ ಬರೆದವರು ಬಹುಪಾಲು ಗಿಟಾರ್ ನುಡಿಸುವವರು.

ಅವರ ಚರಿತ್ರೆಯ ಮೊದಲ ಪುಟದಲ್ಲೇ ಬೇಸ್ ಇದೆ ಎಂಬುದು ಅವರಿಗೆ ಕಾಣುವುದಿಲ್ಲ. 1961ರಲ್ಲಿ ಬಿಡುಗಡೆಯಾದ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಎಂಬ ಕಂಟ್ರಿ ಹಾಡಿನ ನಡುವೆ ಗ್ರೇಡಿ ಮಾರ್ಟಿನ್ ನುಡಿಸಿದ ಸಾಲು ಹರಿದ ಸ್ಪೀಕರಿನಂತೆ ಗುರುಗುಟ್ಟುತ್ತದೆ. ನ್ಯಾಶ್‌ವಿಲ್‌ನ ಸ್ಟುಡಿಯೊದಲ್ಲಿ ಮಿಕ್ಸಿಂಗ್ ಮೇಜಿನ ಒಂದು ಚಾನಲ್ ಕೆಟ್ಟಿದ್ದರಿಂದ ಹುಟ್ಟಿದ ಸದ್ದು ಅದು. ಮಾರ್ಟಿನ್ ಕೈಯಲ್ಲಿದ್ದದ್ದು ಆರು ತಂತಿಯ ಬೇಸ್. ಆ ಸದ್ದನ್ನು ಬೇಕೆಂದಾಗ ಪಡೆಯಲು ಎಂಜಿನಿಯರ್ ಗ್ಲೆನ್ ಸ್ನಾಡಿ ಟ್ರಾನ್ಸಿಸ್ಟರ್ ಸರ್ಕ್ಯೂಟ್ ರೂಪಿಸಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮಾಯೆಸ್ಟ್ರೊ ಫಜ್-ಟೋನ್ ಎಂದು ಮಾರಿತು. ಅದೇ ವರ್ಷ ಇಬಿ-0ಎಫ್ ಎಂಬ ಬೇಸ್ ಗಿಟಾರಿನ ಒಡಲಲ್ಲೇ ಫಜ್ ಕೂರಿಸಿಯೂ ಹೊರತಂದಿತು. ಕೊಳ್ಳುವವರು ಹೆಚ್ಚಿರಲಿಲ್ಲ. 1965ರಲ್ಲಿ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಆ ಪೆಟ್ಟಿಗೆ ತುಳಿದರು. ಅಂದಿನಿಂದ ಫಜ್ ಗಿಟಾರಿನ ಸೊತ್ತಾಯಿತು.

ಅದೇ 1965ರ ಕೊನೆಗೆ ಬೀಟಲ್ಸ್ ತಂದ ‘ರಬ್ಬರ್ ಸೋಲ್’ ಆಲ್ಬಮ್ಮಿನಲ್ಲಿ, ಜಾರ್ಜ್ ಹ್ಯಾರಿಸನ್ ಬರೆದ ‘ಥಿಂಕ್ ಫಾರ್ ಯುವರ್‌ಸೆಲ್ಫ್’ ಹಾಡಿಗೆ ಪಾಲ್ ಮೆಕಾರ್ಟ್ನಿ ಎರಡು ಬೇಸ್ ನುಡಿಸಿದ್ದಾರೆ: ಒಂದು ಸಾದಾ, ಇನ್ನೊಂದು ಫಜ್ ಹಾಕಿದ್ದು. ಸಾದಾ ಬೇಸ್ ಹಾಡನ್ನು ಹೊರುತ್ತದೆ, ಫಜ್ ಬೇಸ್ ಗಿಟಾರಿನ ಜಾಗದಲ್ಲಿ ಕುಳಿತು ಮಾತಾಡುತ್ತದೆ. ಇಂದಿನ ಬೇಸ್ ಪೆಡಲುಗಳ ಮೇಲಿರುವ ‘ಬ್ಲೆಂಡ್’ ಗುಂಡಿ ಮಾಡುವ ಕೆಲಸ ಇದೇ. ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ತಂಡದ ಲ್ಯಾರಿ ಗ್ರಹಾಂ 1968ರ ‘ಡಾನ್ಸ್ ಟು ದ ಮ್ಯೂಸಿಕ್’ನಲ್ಲಿ ಫಜ್ ಬೇಸನ್ನು ಕುಣಿಯುವ ಜನರ ಮಧ್ಯಕ್ಕೆ ತಂದರು. ಇಂಗ್ಲೆಂಡಿನ ಸಾಫ್ಟ್ ಮಷಿನ್ ತಂಡದ ಹ್ಯೂ ಹಾಪರ್ ಅದನ್ನೇ ಜಾಝ್ ಕಡೆಗೆ ಎಳೆದರು. ಆ ತಂಡದ ಮೈಕ್ ರಾಟ್ಲೆಜ್ ಆರ್ಗನ್ನಿಗೂ ಫಜ್ ಹಾಕುತ್ತಿದ್ದರಿಂದ, ಕೆಲವೆಡೆ ಯಾವುದು ಬೇಸ್, ಯಾವುದು ಆರ್ಗನ್ ಎಂದು ಕಿವಿಗೆ ಗೊತ್ತಾಗುವುದಿಲ್ಲ. ಹಾಪರ್ ಅವರ ಬಗ್ಗೆ ಬರೆಯಬೇಕಾದದ್ದು ತುಂಬ ಇದೆ, ಬರೆದವರು ಕಡಿಮೆ.

ಫಜ್ ಮಾಡುವುದು ಸರಳ ಕೆಲಸ. ಅಲೆಯನ್ನು ಅಳತೆ ಮೀರಿ ಹಿಗ್ಗಿಸಿ ಅದರ ನೆತ್ತಿ, ಬುಡ ಎರಡನ್ನೂ ಕತ್ತರಿಸುತ್ತದೆ. ಕತ್ತರಿಸಿದ ಅಂಚಿನಿಂದ ಮೂಲ ಸ್ವರದಲ್ಲಿಲ್ಲದ ಹಾರ್ಮೋನಿಕ್ಸ್ ಹುಟ್ಟುತ್ತವೆ. ಜೊತೆಗೆ ಮೆಲ್ಲಗೆ ಮೀಟಿದ್ದು, ಜೋರಾಗಿ ಮೀಟಿದ್ದು ಎಲ್ಲ ಒಂದೇ ಎತ್ತರಕ್ಕೆ ಬರುತ್ತವೆ. ಈ ಎರಡನೆಯ ಪರಿಣಾಮವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಹೇಳಲಿರುವ ತಕರಾರಿನ ಬೇರು ಅಲ್ಲಿದೆ.

ಎನ್ವಲಪ್ ಫಿಲ್ಟರ್ ಬಂದದ್ದು 1972ರಲ್ಲಿ. ಮೈಕ್ ಬೈಗಲ್ ಎಂಬ ಎಂಜಿನಿಯರ್ ಗಿಲ್ಡ್ ಕಂಪನಿಗಾಗಿ ಸಿಂಥಸೈಸರ್ ಒಂದನ್ನು ರೂಪಿಸುತ್ತಿದ್ದರು. ಆ ಯೋಜನೆ ಬಿದ್ದುಹೋಯಿತು. ಆರನ್ ನ್ಯೂಮನ್ ಜೊತೆ ಸೇರಿ ನ್ಯೂಜೆರ್ಸಿಯಲ್ಲಿ ಮ್ಯೂಸಿಟ್ರಾನಿಕ್ಸ್ ಕಂಪನಿ ಕಟ್ಟಿದ ಬೈಗಲ್, ಸಿಂಥಸೈಸರಿನ ಫಿಲ್ಟರ್ ಭಾಗವನ್ನಷ್ಟೇ ಉಳಿಸಿಕೊಂಡು ಮ್ಯೂ-ಟ್ರಾನ್ 3 ಮಾಡಿದರು. ಇದರೊಳಗಿನ ಒಂದು ಭಾಗ, ತಂತಿಗೆ ಬಿದ್ದ ಪೆಟ್ಟು ಎಷ್ಟು ಜೋರಿತ್ತು ಎಂದು ಅಳೆಯುತ್ತದೆ. ಇನ್ನೊಂದು, ಆ ಅಳತೆಗೆ ತಕ್ಕಂತೆ ಫಿಲ್ಟರನ್ನು ತೆರೆದು ಮುಚ್ಚುತ್ತದೆ. ವಾ-ವಾ ಪೆಡಲಿನಲ್ಲಿ ಕಾಲು ಮಾಡುವ ಕೆಲಸವನ್ನು ಇಲ್ಲಿ ಮೀಟುವ ಬೆರಳೇ ಮಾಡುತ್ತದೆ. 1973ರಲ್ಲಿ ಸ್ಟೀವಿ ವಂಡರ್ ‘ಹೈಯರ್ ಗ್ರೌಂಡ್’ ಹಾಡಿನ ಕ್ಲಾವಿನೆಟ್‌ಗೆ ಇದನ್ನು ಬಳಸಿದ ಮೇಲೆ ಇಡೀ ಅಮೆರಿಕ ಅದರ ಸದ್ದು ಕೇಳಿತು.

ಬೇಸಿನ ಮಟ್ಟಿಗೆ ಈ ಪೆಟ್ಟಿಗೆಯ ಅರ್ಥವನ್ನು ಬಿಡಿಸಿಟ್ಟವರು ಬೂಟ್ಸಿ ಕಾಲಿನ್ಸ್. 1970ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಅವರು ಜೇಮ್ಸ್ ಬ್ರೌನ್ ತಂಡದಲ್ಲಿದ್ದರು. ಅಲ್ಲಿ ಅವರು ಕಲಿತದ್ದು ಆವರ್ತದ ಮೊದಲ ಪೆಟ್ಟಿಗೆ ಕೊಡಬೇಕಾದ ತೂಕ. ಉಳಿದ ಜಾಗದಲ್ಲಿ ಏನು ಬೇಕಾದರೂ ಮಾಡು, ಮೊದಲ ಪೆಟ್ಟನ್ನು ಮಾತ್ರ ಬಿಡಬೇಡ ಎಂಬುದು ಬ್ರೌನ್ ಅವರ ಕಟ್ಟಪ್ಪಣೆ. ಆಗ ಬೂಟ್ಸಿ ಬಳಿ ಪೆಡಲ್ ಇರಲಿಲ್ಲ. ‘ಸೆಕ್ಸ್ ಮಷಿನ್’ ಕೇಳಿದರೆ ಬರಿಯ ಬೆರಳು ಮಾತ್ರ ಕೇಳಿಸುತ್ತದೆ. ಮುಂದೆ ಜಾರ್ಜ್ ಕ್ಲಿಂಟನ್ ಬಳಗ ಸೇರಿ, 1976ರಿಂದ ಬೂಟ್ಸೀಸ್ ರಬ್ಬರ್ ಬ್ಯಾಂಡ್ ಹೆಸರಿನಲ್ಲಿ ಆಲ್ಬಮ್ ತರತೊಡಗಿದಾಗ ಮ್ಯೂ-ಟ್ರಾನ್ ಅವರ ಗುರುತಾಯಿತು. ಅದಕ್ಕೆ ಬಿಗ್ ಮಫ್ ಫಜ್ ಕೂಡ ಜೊತೆಯಾಯಿತು.

‘ಐಡ್ ರಾದರ್ ಬಿ ವಿತ್ ಯು’ ಹಾಡನ್ನು ಇಯರ್‌ಫೋನಿನಲ್ಲಿ ಕೇಳಿ. ಮೊದಲ ಪೆಟ್ಟು ಬಲವಾಗಿ ಬಿದ್ದಾಗ ಫಿಲ್ಟರ್ ಬಾಯಿ ಅಗಲವಾಗಿ ತೆರೆಯುತ್ತದೆ, ನಂತರದ ಸಣ್ಣ ಸ್ವರಗಳಿಗೆ ಅರ್ಧ, ಕಾಲು ತೆರೆಯುತ್ತದೆ. ಬ್ರೌನ್ ಕಲಿಸಿದ ತೂಕದ ಲೆಕ್ಕ ಇಲ್ಲಿ ಬಣ್ಣವಾಗಿ ಕೇಳುತ್ತದೆ. ಮೀಟುವುದರಲ್ಲಿ ಏರಿಳಿತವಿಲ್ಲದವನ ಕೈಯಲ್ಲಿ ಇದೇ ಪೆಟ್ಟಿಗೆ ಪ್ರತಿ ಸ್ವರಕ್ಕೂ ಒಂದೇ ಸದ್ದು ಕೊಡುತ್ತದೆ. ಬಾತುಕೋಳಿ ಎಂದು ನಗುವವರು ಕೇಳಿರುವುದು ಅಂಥವರ ನುಡಿತವನ್ನು. ಇನ್ನೊಂದು ತಪ್ಪುಗ್ರಹಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಫಿಲ್ಟರ್ ಬೇಸಿನ ಮಾದರಿ ಎಂದು ಹಲವರು ತೋರಿಸುವ ಕ್ಲಿಂಟನ್ ಅವರ ಪಾರ್ಲಿಮೆಂಟ್ ತಂಡದ ‘ಫ್ಲ್ಯಾಶ್ ಲೈಟ್’ನಲ್ಲಿ ಬೇಸ್ ಗಿಟಾರಿನ ಸಾಲೇ ಅಲ್ಲ ನೀವು ಕೇಳುವುದು. ಅದು ಬರ್ನಿ ವೊರೆಲ್ ನುಡಿಸಿದ ಮಿನಿಮೂಗ್ ಸಿಂಥಸೈಸರ್. ಬೂಟ್ಸಿ ಆ ಹಾಡಿನಲ್ಲಿ ಡ್ರಮ್ಸ್ ಮೇಲೆ ಕುಳಿತಿದ್ದರು.

ಮ್ಯೂ-ಟ್ರಾನ್ ಬೇಸಿಗೆ ಹೊಂದಿದ್ದಕ್ಕೆ ಒಂದು ತಾಂತ್ರಿಕ ಕಾರಣವಿದೆ. ಬೇಸಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಗಿಟಾರಿನದು ಅದರ ಎರಡರಷ್ಟು. ಅಳೆಯುವ ಸರ್ಕ್ಯೂಟ್ ಬಹಳ ಚುರುಕಾಗಿದ್ದರೆ ಬೇಸಿನ ಒಂದೊಂದು ಕಂಪನವನ್ನೂ ಹೊಸ ಪೆಟ್ಟೆಂದು ಬಗೆದು ಫಿಲ್ಟರ್ ನಡುಗುತ್ತದೆ. ಸ್ವರ ಬಾಯಿ ಮುಕ್ಕಳಿಸಿದ ಹಾಗೆ ಗೊರಗುಟ್ಟುತ್ತದೆ. ನಿಧಾನ ಮಾಡಿದರೆ, ಓಟದ ಸಾಲುಗಳಲ್ಲಿ ಎರಡು ಸ್ವರಗಳ ನಡುವೆ ಫಿಲ್ಟರ್ ಮುಚ್ಚುವುದೇ ಇಲ್ಲ. ಮ್ಯೂ-ಟ್ರಾನ್‌ನಲ್ಲಿ ಅಳತೆಯು ಒಂದು ಪುಟ್ಟ ದೀಪವನ್ನು ಬೆಳಗುತ್ತದೆ. ಆ ಬೆಳಕಿಗೆ ತಕ್ಕಂತೆ ರೋಧ ಬದಲಿಸುವ ಫೋಟೊಸೆಲ್ ಫಿಲ್ಟರನ್ನು ಸರಿಸುತ್ತದೆ. ಫೋಟೊಸೆಲ್ ಬೆಳಕಿಗೆ ಬೇಗ ಎಚ್ಚರಗೊಂಡು, ಕತ್ತಲೆಗೆ ನಿಧಾನವಾಗಿ ಹೊರಳುತ್ತದೆ. ಆ ಸೋಮಾರಿತನ ನಡುಕವನ್ನು ನುಂಗಿಹಾಕುತ್ತದೆ. ಬೆಳಕಿನ ಫಿಲ್ಟರುಗಳ ಪಂಥಕ್ಕೆ ಸೇರಿದವನು ನಾನು ಎಂದು ಓದುಗರಿಗೆ ಈಗಾಗಲೇ ತಿಳಿದಿರಬೇಕು. ಎಲೆಕ್ಟ್ರೊ-ಹಾರ್ಮೊನಿಕ್ಸ್ ಕಂಪನಿ ಬೇಸಿಗೆಂದೇ ತಂದ ಬಾಸ್‌ಬಾಲ್ಸ್ ಎರಡು ಫಿಲ್ಟರುಗಳಿಂದ ಮನುಷ್ಯನ ಗಂಟಲಿನಂಥ ಸ್ವರ ಹೊರಡಿಸುತ್ತದೆ. ಮೋಜಿನ ಪೆಟ್ಟಿಗೆಯೇ ಹೌದು, ಆದರೆ ಬೆರಳಿನ ಮಾತು ಅಷ್ಟು ಚೆನ್ನಾಗಿ ಕೇಳುವುದಿಲ್ಲ.

ಎಂಬತ್ತರ ದಶಕವನ್ನು ಬೇಗ ದಾಟಬಹುದು. ಮೆಟಾಲಿಕಾದ ಕ್ಲಿಫ್ ಬರ್ಟನ್ 1983ರಲ್ಲಿ ‘ಅನೆಸ್ತೇಸಿಯಾ’ ಎಂಬ ಬೇಸ್ ಸೋಲೊದಲ್ಲಿ ಬಿಗ್ ಮಫ್ ಮತ್ತು ವಾ-ವಾ ಬೆರೆಸಿ ಮೆಟಲ್ ಹುಡುಗರನ್ನು ಬೆಚ್ಚಿಬೀಳಿಸಿದರು. ಅಲ್ಲಿ ಫಿಲ್ಟರನ್ನು ತಿರುಗಿಸಿದ್ದು ಕಾಲು. ಉಳಿದಂತೆ ಅದು ಸಿಂಥಸೈಸರುಗಳ ಕಾಲ, ಬೇಸ್ ನುಡಿಸುವವರಿಗೆ ಕೋರಸ್ ಪೆಡಲಿನ ಕಾಲ.

ನಮ್ಮ ತಲೆಮಾರು ಬಂದದ್ದು ತೊಂಬತ್ತರ ದಶಕದಲ್ಲಿ. 1991ರ ‘ಬ್ಲಡ್ ಶುಗರ್ ಸೆಕ್ಸ್ ಮ್ಯಾಜಿಕ್’ ಕ್ಯಾಸೆಟ್ಟಿನಲ್ಲಿದ್ದ ‘ಸರ್ ಸೈಕೊ ಸೆಕ್ಸಿ’ ಹಾಡಿನಲ್ಲಿ ಬೇಸ್ ವಾದಕ ಫ್ಲೀ ನುಡಿಸಿದ ಮ್ಯೂ-ಟ್ರಾನ್ ಕೇಳಿ, ಇದು ಯಾವ ವಾದ್ಯ ಎಂದು ಬೆಂಗಳೂರಿನಲ್ಲಿ ನಾವು ವಾದ ಮಾಡುತ್ತಿದ್ದೆವು. 1994ರಲ್ಲಿ ಬೀಸ್ಟಿ ಬಾಯ್ಸ್ ತಂದ ‘ಸಬೊಟಾಜ್’ನಲ್ಲಿ ಆಡಂ ಯಾಕ್ ಅವರ ಫಜ್ ಬೇಸ್ ಹಾಡಿನ ಬೆನ್ನೆಲುಬಾಗಿತ್ತು. ಅದೇ ಹೊತ್ತಿಗೆ ಎಲೆಕ್ಟ್ರೊ-ಹಾರ್ಮೊನಿಕ್ಸ್ ಸ್ಥಾಪಕ ಮೈಕ್ ಮ್ಯಾಥ್ಯೂಸ್ ರಷ್ಯಾದಲ್ಲಿ ಸೊವ್‌ಟೆಕ್ ಹೆಸರಿನಲ್ಲಿ ಮಾಡಿಸಿದ ಹಸಿರು ಬಣ್ಣದ ಬಿಗ್ ಮಫ್ ಮಾರುಕಟ್ಟೆಗೆ ಬಂತು. ಅದರ ಸದ್ದು ಮಬ್ಬು ಎಂದು ಮೂಗು ಮುರಿದ ಗಿಟಾರಿಗರು ಬಹಳ. ನ್ಯೂಯಾರ್ಕಿನಲ್ಲಿ ಮಾಡಿದ ಹಳೆಯ ಬಿಗ್ ಮಫ್ಫಿನಲ್ಲಿ ಸೋರಿಹೋಗುತ್ತಿದ್ದ ಮಂದ್ರ ಇದರಲ್ಲಿ ಉಳಿಯುತ್ತದೆ ಎಂದು ಕಂಡುಕೊಂಡವರು ಬೇಸ್ ನುಡಿಸುವವರು. ನಮಗೆ ಇಂಥ ಪೆಟ್ಟಿಗೆ ಬೇಕಾದರೆ ವಿದೇಶದಿಂದ ರಜೆಗೆ ಬರುವ ಅಣ್ಣನೋ ಗೆಳೆಯನೋ ತರಬೇಕಿತ್ತು. ಇಲ್ಲದಿದ್ದರೆ ಡಿಜಿಟಲ್ ಮಲ್ಟಿ-ಎಫೆಕ್ಟ್ಸ್ ಪೆಟ್ಟಿಗೆಯ ‘ಆಟೊ ವಾ’ದಲ್ಲೇ ತೃಪ್ತಿಪಡಬೇಕಿತ್ತು.

ಕೈಯಲ್ಲಿ ಮಾಡುವುದು ಇನ್ನೊಂದು ದಾರಿ. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಟ್ರಾನ್ಸಿಸ್ಟರ್, ಕೆಪ್ಯಾಸಿಟರ್ ಹುಡುಕಿ ಫಜ್ ಕಟ್ಟಿದವರು ನಮ್ಮಲ್ಲಿ ಕೆಲವರಿದ್ದರು. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ಒಂದು ಕಾಲದಲ್ಲಿ ರೇಡಿಯೊಗಳಿಗಾಗಿ ತಯಾರಿಸಿದ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಹಳೆಯ ದಾಸ್ತಾನಿನಲ್ಲಿ ಸಿಗುತ್ತಿದ್ದವು. ಫಜ್ ಹುಚ್ಚರು ಪ್ರಪಂಚದಾದ್ಯಂತ ಹುಡುಕುವುದು ಅದೇ ಜಾತಿಯ ವಸ್ತುವನ್ನು. ಜರ್ಮೇನಿಯಂನಲ್ಲಿ ಬಿಸಿಗೆ ವಿದ್ಯುತ್ ಹಿಗ್ಗಾಮುಗ್ಗಾ ಸೋರುವುದರಿಂದ ಡಿಸೆಂಬರಿನಲ್ಲಿ ಚೆನ್ನಾಗಿದ್ದ ಪೆಡಲ್ ಏಪ್ರಿಲಿನಲ್ಲಿ ಉಸಿರುಕಟ್ಟುತ್ತದೆ. ಗಿಟಾರ್ ಫಜ್ಜಿನ ನಕ್ಷೆಯಲ್ಲಿರುವ ಚಿಕ್ಕ ಕೆಪ್ಯಾಸಿಟರನ್ನು ತೆಗೆದು ದೊಡ್ಡದನ್ನು ಬೆಸೆದರೆ ಬೇಸಿನ ಮಂದ್ರ ದಾಟಿ ಬರುತ್ತದೆ. ಬೇಸ್ ಫಜ್ ಎಂಬ ಹೆಸರಿನಲ್ಲಿ ಮಾರುವ ಎಷ್ಟೋ ಪೆಡಲುಗಳ ಒಳಗುಟ್ಟು ಇಷ್ಟೇ.

ಆ ದಶಕದ ನಿಜವಾದ ಹೆಜ್ಜೆಯ ಬಗ್ಗೆ ಯಾರೂ ಗದ್ದಲ ಮಾಡಲಿಲ್ಲ. ಬೈಗಲ್ ಅವರೇ ಎಲೆಕ್ಟ್ರೊ-ಹಾರ್ಮೊನಿಕ್ಸ್‌ಗಾಗಿ ಕ್ಯೂ-ಟ್ರಾನ್ ರೂಪಿಸಿದರು. ಅದರ ಕ್ಯೂ-ಟ್ರಾನ್ ಪ್ಲಸ್ ಮಾದರಿಯಲ್ಲಿ ಒಂದು ಎಫೆಕ್ಟ್ಸ್ ಲೂಪ್, ಎಂದರೆ ಇನ್ನೊಂದು ಪೆಡಲನ್ನು ಒಳದಾರಿಯ ನಡುವೆ ಸೇರಿಸುವ ಸೌಲಭ್ಯ, ಇತ್ತು. ಫಜ್ ಮೊದಲೋ, ಫಿಲ್ಟರ್ ಮೊದಲೋ ಎಂಬುದು ನಮ್ಮ ಹಳೆಯ ಜಗಳ. ಫಿಲ್ಟರಿಗೆ ಸವರಲು ಹಾರ್ಮೋನಿಕ್ಸ್ ಬೇಕು, ಅದನ್ನು ಕೊಡುವುದು ಫಜ್. ಹಾಗಾಗಿ ಫಜ್ ಮುಂದಿರಬೇಕು. ಆದರೆ ಫಜ್ ಎಲ್ಲ ಪೆಟ್ಟುಗಳನ್ನೂ ಸಮತಟ್ಟು ಮಾಡಿಬಿಟ್ಟರೆ ಹಿಂದಿರುವ ಫಿಲ್ಟರಿಗೆ ಅಳೆಯಲು ಏನೂ ಉಳಿಯುವುದಿಲ್ಲ. ಫಜ್ಜನ್ನು ಆ ಲೂಪಿನೊಳಗೆ ಹಾಕಿದರೆ, ಅಳತೆ ನಿಮ್ಮ ಶುದ್ಧ ಬೆರಳಿನಿಂದ, ಸವರುವುದು ಫಜ್ಜಿನ ದಟ್ಟ ನಾದವನ್ನು. ಇಷ್ಟು ಸರಳ ಪರಿಹಾರ ಇಂದಿಗೂ ಬೆರಳೆಣಿಕೆಯ ಪೆಡಲುಗಳಲ್ಲಿ ಮಾತ್ರ ಇದೆ.

2000ದ ಆಸುಪಾಸಿನಿಂದ ಮಿನಿಯಾಪೊಲಿಸ್‌ನ ಝಕರಿ ವೆಕ್ಸ್ ಅವರ ವೂಲಿ ಮ್ಯಾಮತ್, ಎಲೆಕ್ಟ್ರೊ-ಹಾರ್ಮೊನಿಕ್ಸ್ ಅವರದೇ ಬಾಸ್ ಬಿಗ್ ಮಫ್, ಹೆಲ್ಸಿಂಕಿಯ ಡಾರ್ಕ್‌ಗ್ಲಾಸ್ ಕಂಪನಿಯವು ಹೀಗೆ ಬೇಸ್ ಪೆಡಲುಗಳು ಸಾಲುಗಟ್ಟಿ ಬಂದವು. ಮುಂಬೈನ ಆ್ಯನಿಮಲ್ ಫ್ಯಾಕ್ಟರಿಯ ಡಿಸ್ಟಾರ್ಷನ್ ಪೆಡಲುಗಳಿಗೆ ಹೊರದೇಶಗಳಲ್ಲೂ ಗಿರಾಕಿಗಳಿದ್ದಾರೆ. ಬ್ಲೆಂಡ್ ಗುಂಡಿ ಇಲ್ಲದ ಬೇಸ್ ಪೆಡಲನ್ನು ಮಾರುವುದೇ ಕಷ್ಟ ಎಂಬಂತಾಯಿತು. ಎಂಎಕ್ಸ್ಆರ್ ಬಾಸ್ ಎನ್ವಲಪ್ ಫಿಲ್ಟರಿನಲ್ಲಿ ಸಾದಾ ಸ್ವರಕ್ಕೊಂದು, ಫಿಲ್ಟರ್ ಸ್ವರಕ್ಕೊಂದು ಗುಂಡಿ. ಬ್ಲೆಂಡಿನ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಬ್ಯಾಂಡ್‌ಪಾಸ್ ಫಿಲ್ಟರ್ ಮಂದ್ರವನ್ನು ಕಡಿದುಹಾಕಿದಾಗ ಅದನ್ನು ಮರಳಿ ತರಲು ಬೇರೆ ದಾರಿಯಿಲ್ಲ. ಆದರೆ ಕೆಲವು ಸರ್ಕ್ಯೂಟುಗಳು ಅಲೆಯನ್ನು ತಲೆಕೆಳಗು ಮಾಡಿ ಹೊರಬಿಡುತ್ತವೆ. ಸಾದಾ ಸ್ವರ ಸೇರಿಸಿದಾಗ ಎರಡೂ ಒಂದನ್ನೊಂದು ತಿಂದುಹಾಕಿ ಇದ್ದ ಮಂದ್ರವೂ ಹೋಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ, ಕೈ ಹೇಗೆ ನುಡಿಸಿದರೂ ತಳದಲ್ಲಿ ಸಾದಾ ಬೇಸ್ ಕಾಪಾಡುತ್ತದೆ ಎಂಬ ಭರವಸೆ. ಹೊಸ ಹುಡುಗರಲ್ಲಿ ಥಂಡರ್‌ಕ್ಯಾಟ್ ಬೇರೆಯಾಗಿ ಕೇಳಿಸುವುದು ಆ ಭರವಸೆಗೆ ಒರಗದೆ ನುಡಿಸುವುದರಿಂದಲೇ. 2015ರ ‘ದೆಮ್ ಚೇಂಜಸ್’ನಲ್ಲಿ ಫಿಲ್ಟರ್ ಅವರ ಆರು ತಂತಿಯ ಬೇಸಿನ ಪ್ರತಿ ಪೆಟ್ಟಿಗೂ ಬೇರೆ ಬೇರೆ ಉತ್ತರ ಕೊಡುತ್ತದೆ.

ಈಗಿನ ಪೆಡಲ್ ಸಾಹಿತ್ಯದಲ್ಲಿ ಯಾವ ಕಲಾವಿದ ಯಾವ ಪೆಟ್ಟಿಗೆ ತುಳಿದ, ಒಳಗೆ ಯಾವ ಟ್ರಾನ್ಸಿಸ್ಟರ್, ಗುಂಡಿ ಎಷ್ಟಕ್ಕೆ ತಿರುಗಿತ್ತು ಎಂಬ ವಿವರ ರಾಶಿ ರಾಶಿ ಇದೆ. ಎಷ್ಟು ಜೋರಾಗಿ ಮೀಟಿದ, ಪಿಕಪ್ಪಿನ ಮೇಲೋ ಬ್ರಿಡ್ಜಿನ ಬಳಿಯೋ, ತಂತಿ ಹೊಸದೋ ಸವೆದದ್ದೋ ಎಂಬುದನ್ನು ಬರೆದಿಟ್ಟವರು ಅಪರೂಪ. ಬೂಟ್ಸಿಯ ಪೆಟ್ಟಿಗೆ ಕೊಂಡು ಬೂಟ್ಸಿಯ ಸದ್ದು ಬರಲಿಲ್ಲ ಎಂದು ಗೊಣಗುವವರಿಗೆ ಬೇಕಾದ ಮಾಹಿತಿ ಅದೇ. ತಯಾರಕರದೂ ಇದೇ ಕಥೆ. ಬಿಗ್ ಮಫ್ಫಿನ ನಕಲುಗಳಿಗೆ ಲೆಕ್ಕವಿಲ್ಲ, ಅಳೆಯುವ ಸರ್ಕ್ಯೂಟನ್ನು ಬೇಸಿಗೆಂದೇ ಹೊಸದಾಗಿ ಯೋಚಿಸಿದವರು ಕೆಲವೇ ಮಂದಿ. ಡಿಜಿಟಲ್ ದಾರಿ ಹಿಡಿದ ಸೋರ್ಸ್ ಆಡಿಯೊದಂಥವರನ್ನು ಇಲ್ಲಿ ಮೆಚ್ಚಬೇಕು, ಅವರು ನನ್ನ ಪಂಥದವರಲ್ಲದಿದ್ದರೂ. ಹಳೆಯ ಫೋಟೊಸೆಲ್ಲುಗಳಲ್ಲಿ ಕ್ಯಾಡ್ಮಿಯಂ ಇರುವುದರಿಂದ ಯುರೋಪಿನ ನಿಯಮಗಳು ಅವನ್ನು ಹೊರಗಿಟ್ಟಿವೆ, ಹೀಗಾಗಿ ಬೆಳಕಿನ ಫಿಲ್ಟರ್ ಮಾಡುವುದು ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತಿದೆ. ಇತ್ತ ಐದು ತಂತಿಯ ಬೇಸ್ ಎಲ್ಲರ ಹೆಗಲೇರಿದೆ. ಅದರ ಬಿ ತಂತಿ ಸೆಕೆಂಡಿಗೆ 31 ಸಲವಷ್ಟೇ ಕಂಪಿಸುತ್ತದೆ. 41ಕ್ಕೇ ಗೊರಗುಟ್ಟುತ್ತಿದ್ದ ಪೆಡಲುಗಳು ಅಲ್ಲಿ ಇನ್ನಷ್ಟು ಗೊರಗುಟ್ಟುತ್ತವೆ.

ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಳ್ಳುವ ಹುಡುಗ ಹುಡುಗಿಯರು ಈಗ ಮೊದಲಿಗಿಂತ ಜಾಣರು. ಅವರು ತೋರಿಸುವುದೆಲ್ಲ ಫಜ್. ಹತ್ತಿಪ್ಪತ್ತು ಬಿಡಿಭಾಗ, ಒಂದು ಸಂಜೆಯ ಬೆಸುಗೆ, ಕೂಡಲೇ ಗರ್ಜನೆ. ಫಿಲ್ಟರಿಗೆ ದೀಪವನ್ನೂ ಫೋಟೊಸೆಲ್ಲನ್ನೂ ಒಂದಕ್ಕೊಂದು ಹೊಂದಿಸಬೇಕು, ಕಡಿಮೆ ಸ್ವರಕ್ಕೆ ಅಳತೆಯ ವೇಗ ತಿದ್ದಬೇಕು, ವಾರಗಟ್ಟಲೆ ನುಡಿಸಿ ನೋಡಬೇಕು. ನಾಲ್ಕು ಜನ ಬೇಸ್ ನುಡಿಸುವವರು ಪಕ್ಕದಲ್ಲಿ ಕುಳಿತು, ತಮ್ಮ ತಮ್ಮ ಕೈಯಲ್ಲಿ ಅದು ಹೇಗೆ ತೆರೆಯುತ್ತದೆ ಎಂದು ಹೇಳಿದರೆ ಆ ಕೆಲಸ ಅರ್ಧಕ್ಕಿಳಿಯುತ್ತದೆ.