ಒಕ್ಕಣೆಯಿಂದ ತಂತಿಗೆ

ಮದುವೆಯ ಕರೆಯೋಲೆಗಳಲ್ಲಿ ಹೆಸರುಗಳ ಹಿಂದೆ ‘ಚಿ||’ ಎಂದೋ ‘ಸೌ||’ ಎಂದೋ ಅಚ್ಚಾಗಿರುವುದನ್ನು ವಿದ್ಯಾರ್ಥಿಗಳೆಲ್ಲರೂ ನೋಡಿದ್ದಾರೆ. ಅಕ್ಷರದ ಪಕ್ಕದಲ್ಲಿ ನಿಂತಿರುವ ಆ ಎರಡು ಗೆರೆಗಳು, ಮುಂದಿನದನ್ನು ಓದುವವರೇ ತುಂಬಿಕೊಳ್ಳಬೇಕು ಎಂಬುದರ ಗುರುತು. ಚಿರಂಜೀವಿ, ಸೌಭಾಗ್ಯವತಿ ಎಂದು ನಾವು ತುಂಬಿಕೊಳ್ಳುತ್ತೇವೆ. ಕಾಗದ ಬರೆಯುವ ಕ್ರಮಕ್ಕೆ ಕನ್ನಡದಲ್ಲಿ ‘ಒಕ್ಕಣೆ’ ಎಂಬ ಹೆಸರಿದೆ. ಆ ಹಳೆಯ ಒಕ್ಕಣೆಯ ಉಳಿಕೆಗಳಲ್ಲಿ ಇದೂ ಒಂದು. ಇಂಥ ಒಕ್ಕಣೆಯ ನಾಡಿಗೆ ಪದಕ್ಕಿಷ್ಟು ಎಂದು ಎಣಿಸಿ ಹಣ ಕೇಳುವ ತಂತಿ ಬಂದಾಗ ಏನಾಯಿತು? ಈ ಪ್ರಶ್ನೆಗೆ ಉತ್ತರ ಬೇಕಾದರೆ ವ್ಯಾಕರಣದ ಪುಸ್ತಕಕ್ಕಿಂತ ಅಂಚೆ ಮತ್ತು ತಂತಿಯ ದರಪಟ್ಟಿಯನ್ನೇ ಹೆಚ್ಚಾಗಿ ಓದಬೇಕಾಗುತ್ತದೆ.

ಮೊದಲು ಒಕ್ಕಣೆ ಹೇಗಿತ್ತೆಂದು ನೋಡೋಣ. ಹಾಳೆಯ ಮೇಲ್ಭಾಗದ ನಡುವೆ ‘ಶ್ರೀ’ ಅಥವಾ ಮನೆದೇವರ ಹೆಸರು. ಪಕ್ಕದಲ್ಲಿ ‘ಕ್ಷೇಮ’ ಎಂಬ ಒಂದೇ ಪದ, ಅದರ ಬಳಿ ಊರು, ತಾರೀಖು. ಬಳಿಕ ಸಂಬೋಧನೆ. ತಂದೆಗೆ ‘ತೀರ್ಥರೂಪು’, ತಾಯಿಗೆ ‘ಮಾತೃಶ್ರೀ’, ಕಿರಿಯರಿಗೆ ‘ಚಿರಂಜೀವಿ’. ಹಿರಿಯರಿಗೆ ಬರೆಯುವಾಗ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಬರೆಯುವಾಗ ಆಶೀರ್ವಾದ. ಅನಂತರ ‘ಉಭಯ ಕುಶಲೋಪರಿ’. ಅದಾದ ಮೇಲೆ, ಈ ದಿನದವರೆಗೆ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರಬೇಕು ಎಂಬ ಮಾತು. ಇಷ್ಟೆಲ್ಲ ಆದ ಮೇಲೆ ವಿಷಯ. ಕೊನೆಗೆ ಮನೆಯಲ್ಲಿರುವ ಒಬ್ಬೊಬ್ಬರಿಗೂ ಹೆಸರು ಹಿಡಿದು ನಮಸ್ಕಾರ ಅಥವಾ ಆಶೀರ್ವಾದ; ‘ಇಂತಿ’ ಎಂದು ಸಹಿ.

ಇದನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದೊಂದು ಮಾತಿಗೂ ಒಂದೊಂದು ಕೆಲಸವಿತ್ತು. ‘ಈ ದಿನದವರೆಗೆ ಕ್ಷೇಮ’ ಎಂಬುದನ್ನೇ ತೆಗೆದುಕೊಳ್ಳಿ. ಕಾಗದ ಕೈಸೇರುವುದಕ್ಕೆ ಎಷ್ಟೋ ದಿನ ಹಿಡಿಯುತ್ತಿದ್ದ ಕಾಲದಲ್ಲಿ, ಬರೆದವನು ತನಗೆ ತಿಳಿದಷ್ಟಕ್ಕೆ ಮಾತ್ರ ಹೊಣೆಯಾಗುತ್ತಿದ್ದ. ಆಮೇಲೆ ಏನಾಗಿದೆಯೋ ಅವನರಿಯ. ಕೊನೆಯ ನಮಸ್ಕಾರಗಳ ಸಾಲಿಗೂ ಕಾರಣವಿದೆ. ಓದು ಬಾರದವರೇ ಹೆಚ್ಚಿದ್ದ ಮನೆಗಳಲ್ಲಿ ಶಾಲೆಯ ಮೇಷ್ಟ್ರೋ ಅಂಚೆಯವನೋ ಕಾಗದವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಸುತ್ತ ಕುಳಿತವರೆಲ್ಲ ತಮ್ಮ ಹೆಸರು ಬರುವುದನ್ನು ಕಾಯುತ್ತಿದ್ದರು. ಬಿಟ್ಟುಹೋದ ಹೆಸರು ಒಂದು ಮನಸ್ತಾಪಕ್ಕೆ ಸಾಕಾಗಿತ್ತು. ಮಂಗಳಕಾರ್ಯದ ಕಾಗದದ ಮೂಲೆಗಳಿಗೆ ಅರಿಶಿನ, ಕುಂಕುಮ ಹಚ್ಚುತ್ತಿದ್ದರು. ಸಾವಿನ ಸುದ್ದಿಯಾದರೆ ತಲೆಯಲ್ಲಿ ‘ಅಶುಭ’ ಎಂದು ಬರೆಯುವುದು ವಾಡಿಕೆ; ಅದನ್ನು ಮನೆಯ ಹೊರಗೇ ಓದಿ ಹರಿದುಹಾಕುತ್ತಿದ್ದರು. ಅಂದರೆ ಒಳಗಿನ ಸಾಲು ಓದುವ ಮೊದಲೇ ಓದುವವನ ಮನಸ್ಸು ಸಿದ್ಧವಾಗುತ್ತಿತ್ತು. ಇದೇ ಒಕ್ಕಣೆ ಗಂಡನನ್ನು ಕಳೆದುಕೊಂಡ ಹೆಂಗಸಿನಿಂದ ‘ಸೌಭಾಗ್ಯವತಿ’ಯನ್ನು ಕಿತ್ತುಕೊಂಡು ‘ಗಂಗಾಭಾಗೀರಥಿ’ ಎಂಬ ಬೇರೊಂದು ಗುರುತನ್ನು ಅಂಟಿಸುತ್ತಿತ್ತು ಎಂಬುದನ್ನೂ ಮರೆಯಬಾರದು. ಹಳೆಯದೆಲ್ಲ ಮೃದುವಾಗಿತ್ತು ಎನ್ನುವಂತಿಲ್ಲ.

ಕಾಗದಗಳನ್ನು ಒಯ್ಯುವ ವ್ಯವಸ್ಥೆ ಮೈಸೂರಿನಲ್ಲಿ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದಿಂದ, ಅಂದರೆ 17ನೆಯ ಶತಮಾನದ ಉತ್ತರಾರ್ಧದಿಂದ ಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ಸೇರಿಹೋಯಿತು. ‘ಅಂಚೆ’ ಎಂಬ ಪದ ಮಾತ್ರ ಕನ್ನಡದಲ್ಲಿ ಗಟ್ಟಿಯಾಗಿ ನಿಂತಿತು. ಕಂಪನಿ ಸರ್ಕಾರ 1854ರ ಅಕ್ಟೋಬರ್ 1ರಿಂದ ದೂರ ಎಷ್ಟೇ ಇರಲಿ, ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ ಎಂದು ದರವನ್ನು ಗೊತ್ತುಮಾಡಿತು. 1879ರ ಜುಲೈ 1ರಂದು ಕಾಲಾಣೆಯ ಕಾರ್ಡು ಬಂತು. ಕಾರ್ಡು ಎಲ್ಲರ ಕಣ್ಣಿಗೂ ತೆರೆದದ್ದು, ಜಾಗವೂ ಕಡಿಮೆ. ಅಲ್ಲಿ ‘ತೀ||’, ‘ಚಿ||’, ‘ಸೌ||’ ಎಂಬ ನಿಲುಗೆರೆಯ ಸಂಕ್ಷೇಪಗಳು ಬಹಳ ಒದಗಿಬಂದವು. ಆದರೂ ಒಂದು ಮಾತು ಗಮನಿಸಿ. ಕಾಗದಕ್ಕೆ ತೂಕದ ಲೆಕ್ಕ, ಕಾರ್ಡಿಗೆ ಜಾಗದ ಲೆಕ್ಕ. ಚಿಕ್ಕ ಅಕ್ಷರದಲ್ಲಿ, ಅಂಚಿನಲ್ಲಿ, ಅಡ್ಡಕ್ಕೆ, ಉದ್ದಕ್ಕೆ ಎಷ್ಟು ಬರೆದರೂ ದರ ಒಂದೇ. ತಂತಿ ಈ ಲೆಕ್ಕವನ್ನೇ ಬದಲಾಯಿಸಿತು.

ಭಾರತದಲ್ಲಿ ತಂತಿಯನ್ನು ಹಾಕಿದವನು ಒಬ್ಬ ವೈದ್ಯ. ಐರ್ಲೆಂಡಿನ ವಿಲಿಯಂ ಬ್ರೂಕ್ ಓಶಾಘ್ನೆಸಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. 1839ರಲ್ಲಿಯೇ ಆತ ಕಲ್ಕತ್ತೆಯ ಬಳಿ ತಂತಿಯ ಪ್ರಯೋಗ ಮಾಡಿದ್ದ. ಕಲ್ಕತ್ತೆಗೂ ಡೈಮಂಡ್ ಹಾರ್ಬರ್‌ಗೂ ನಡುವಿನ ಪ್ರಯೋಗದ ಮಾರ್ಗದ ಕೆಲಸ 1850ರಲ್ಲಿ ಆರಂಭವಾಯಿತು. ಗವರ್ನರ್ ಜನರಲ್ ಡಾಲ್‌ಹೌಸಿಯ ಬೆಂಬಲದಿಂದ 1853ರಲ್ಲಿ ದೊಡ್ಡ ಮಾರ್ಗಗಳ ಕೆಲಸ ಶುರುವಾಗಿ, ಮರುವರ್ಷ ಕಲ್ಕತ್ತೆ, ಆಗ್ರಾ ಸೇರಿಕೊಂಡವು. ಹೀಗೆ ಮೊದಲ ಹಂತದಲ್ಲೇ ತಂತಿ ಕಂಡ ಊರುಗಳಲ್ಲಿ ಬೆಂಗಳೂರೂ ಒಂದು. 1855ರ ಫೆಬ್ರವರಿಯಲ್ಲಿ ತಂತಿ ಸಾರ್ವಜನಿಕರಿಗೆ ತೆರೆಯಿತು.

ದರ ಹೀಗಿತ್ತು: ಪ್ರತಿ 400 ಮೈಲಿಗೆ, 16 ಪದಗಳಿಗೆ ಒಂದು ರೂಪಾಯಿ. ಆ 16ರಲ್ಲಿ ವಿಳಾಸವೂ ಸೇರಿತ್ತು. 1200 ಮೈಲಿ ದೂರದವರಿಗೆ 16 ಪದ ಹೇಳಲು 3 ರೂಪಾಯಿ. ಅದೇ ಹಣದಲ್ಲಿ ಅರ್ಧ ಆಣೆಯ ಕಾಗದಗಳನ್ನು 96 ಬಾರಿ ಕಳಿಸಬಹುದಿತ್ತು. ಈಗ ನಮ್ಮ ಒಕ್ಕಣೆಯ ಮೊದಲ ಸಾಲನ್ನು ಎಣಿಸಿ ನೋಡಿ. ‘ತೀರ್ಥರೂಪು ತಂದೆಯವರ ಪಾದಾರವಿಂದಗಳಲ್ಲಿ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು’. ಎಂಟು ಪದ. ಊರಿನ ಹೆಸರೂ ಬಂದಿಲ್ಲ, ವಿಷಯವೂ ಬಂದಿಲ್ಲ, ಅರ್ಧ ಪಾಲು ಆಗಲೇ ಮುಗಿದಿದೆ. ಮಗನಿಗೆ ಗೌರವವಿಲ್ಲದೆ ಅಲ್ಲ, ಕಿಸೆಯಲ್ಲಿ ರೂಪಾಯಿ ಇಲ್ಲದೆ ನಮಸ್ಕಾರ ಬಿಟ್ಟುಹೋಯಿತು. ವಿಳಾಸಕ್ಕೂ ಹಣ ತೆರುವ ಕಷ್ಟ ವ್ಯಾಪಾರಿಗಳನ್ನು ಕಾಡಿದ್ದರಿಂದಲೇ ಮುಂದೆ ಒಂದೇ ಪದದ ತಂತಿ ವಿಳಾಸವನ್ನು ನೋಂದಾಯಿಸಿಕೊಳ್ಳುವ ಪದ್ಧತಿ ಬೆಳೆಯಿತು. ಹಳೆಯ ಅಂಗಡಿಗಳ ರಸೀದಿಯ ತಲೆಯಲ್ಲಿ ಇಂಥ ವಿಳಾಸಗಳನ್ನು ಕಾಣಬಹುದು.

ತಂತಿಯ ಸಂದೇಶಕ್ಕೆ ರೂಪು ಕೊಟ್ಟದ್ದು ದರವೊಂದೇ ಅಲ್ಲ, ಯಂತ್ರವೂ ಹೌದು. ಮೋರ್ಸ್ ಸಂಕೇತದಲ್ಲಿ ಇರುವುದು ಚುಕ್ಕೆ, ಗೆರೆ ಎರಡೇ. ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬರುವ ‘ಇ’ ಅಕ್ಷರಕ್ಕೆ ಒಂದೇ ಚುಕ್ಕೆ, ‘ಟಿ’ಗೆ ಒಂದೇ ಗೆರೆ, ಅಪರೂಪದ ‘ಕ್ಯೂ’ಗೆ ಗೆರೆ, ಗೆರೆ, ಚುಕ್ಕೆ, ಗೆರೆ. ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಂಬ ಭೇದವಿಲ್ಲ.  ವಿರಾಮಚಿಹ್ನೆ ದಾರಿಯಲ್ಲಿ ಕಳೆದುಹೋದರೆ ಅರ್ಥವೇ ತಿರುಗುಮುರುಗಾಗುವ ಭಯವಿತ್ತು. ಆದುದರಿಂದ ವಾಕ್ಯ ಮುಗಿದಲ್ಲಿ ‘ಸ್ಟಾಪ್’ ಎಂದು ಪದವನ್ನೇ ಬರೆಯುವ ರೂಢಿ ಬಂತು. ಹಣ ಉಳಿಸಲು ಎಲ್ಲವನ್ನೂ ಕತ್ತರಿಸಿದವರು ಒಂದು ಚುಕ್ಕೆಗಾಗಿ ಇಡೀ ಪದದ ಹಣ ತೆತ್ತರು ಎಂಬುದು ಸ್ವಾರಸ್ಯದ ಸಂಗತಿ.

ಇಷ್ಟು ಬಿಗಿಯಾದ ಸಂದೇಶಕ್ಕೆ ಎಷ್ಟು ಬಲವಿತ್ತೆಂಬುದು 1857ರಲ್ಲಿ ಗೊತ್ತಾಯಿತು. ಮೇ 11ರಂದು ದೆಹಲಿಯಿಂದ ಅಂಬಾಲಕ್ಕೆ ಹೋದ ತಂತಿ ಪಂಜಾಬಿನ ಅಧಿಕಾರಿಗಳಿಗೆ ದಂಗೆಯ ಸುದ್ದಿ ಮುಟ್ಟಿಸಿತು. ತಂತಿಯೇ ಸಾಮ್ರಾಜ್ಯವನ್ನು ಉಳಿಸಿತೆಂದು ಆಮೇಲೆ ಆಂಗ್ಲರು ಹೊಗಳಿಕೊಂಡದ್ದು ಸ್ವಲ್ಪ ಅತಿಯೇ. ದಂಗೆಯೆದ್ದವರು ಎಷ್ಟೋ ಕಡೆ ತಂತಿಗಳನ್ನು ಕತ್ತರಿಸಿಹಾಕಿದ್ದರು.

ಇನ್ನು ಕನ್ನಡದ ವಿಚಾರ. ಮೋರ್ಸ್ ಸಂಕೇತದಲ್ಲಿ ಕನ್ನಡ ಲಿಪಿಗೆ ದಾರಿ ಇರಲಿಲ್ಲ. ಇಂಗ್ಲಿಷಿನಲ್ಲಿ ಬರೆಯಬೇಕು, ಇಲ್ಲವೇ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕು. ದೇವನಾಗರಿಯಲ್ಲಿ ತಂತಿ ಕಳಿಸುವ ಸೌಲಭ್ಯವೇ ಆರಂಭವಾದದ್ದು ಸ್ವಾತಂತ್ರ್ಯದ ನಂತರ, 1949ರಲ್ಲಿ. ವಿಚಿತ್ರವೆಂದರೆ ಪದ ಎಣಿಸುವ ಲೆಕ್ಕದಲ್ಲಿ ಕನ್ನಡಕ್ಕೆ ಲಾಭವೇ ಇತ್ತು. ಇಂಗ್ಲಿಷಿನವನು ಮೂರು ಪದಗಳಲ್ಲಿ ಹೇಳುವುದನ್ನು ನಾವು ‘ಹೊರಟುಬಿಟ್ಟಿದ್ದೇನೆ’ ಎಂದು ಒಂದೇ ಪದದಲ್ಲಿ ಹೇಳುತ್ತೇವೆ. ಹೊರಟವನು ಯಾರು, ಯಾವಾಗ ಎಂಬುದೆಲ್ಲ ಅದರೊಳಗೇ ಇದೆ. ಪದಗಳನ್ನು ಹೀಗೆ ಬೆಸೆದು ಹಣ ಉಳಿಸುವ ಜಾಣರು ಎಲ್ಲ ದೇಶಗಳಲ್ಲೂ ಇದ್ದರು. ಅದಕ್ಕಾಗಿಯೇ 1875ರ ಸೇಂಟ್ ಪೀಟರ್ಸ್‌ಬರ್ಗ್ ಅಂತರರಾಷ್ಟ್ರೀಯ ತಂತಿ ಒಪ್ಪಂದ ಒಂದು ಪದಕ್ಕೆ 15 ಅಕ್ಷರಗಳ ಮಿತಿ ಹಾಕಿತು. ‘ಹೊರಟುಬಿಟ್ಟಿದ್ದೇನೆ’ ಎಂಬುದು ರೋಮನ್ ಅಕ್ಷರಗಳ ಸರಳ ಕಾಗುಣಿತದಲ್ಲಿ 16. ಒಂದೇ ಅಕ್ಷರದಿಂದ ಅದು ಎರಡು ಪದವಾಗುತ್ತದೆ! ಆದರೂ ಇಂಗ್ಲಿಷಿನ ಮೂರಕ್ಕಿಂತ ಕಡಿಮೆಯೇ.

ಲಾಭವನ್ನು ನುಂಗಿಹಾಕಿದ್ದು ಕಾಗುಣಿತ. ರೋಮನ್ ಅಕ್ಷರಗಳಲ್ಲಿ ಹಳ್ಳಿಗೂ ಹಲ್ಲಿಗೂ ವ್ಯತ್ಯಾಸವಿಲ್ಲ. ಕಟ್ಟೆಗೂ ಕತ್ತೆಗೂ ಎಷ್ಟೋ ಸಲ ವ್ಯತ್ಯಾಸವಿಲ್ಲ. ಕಳಿಸುವ ಕಚೇರಿಯ ತಂತಿ ಗುಮಾಸ್ತನಿಗೆ ಕನ್ನಡ ಗೊತ್ತಿದ್ದರೂ ನಡುವಿನ ಕಚೇರಿಯವನಿಗೆ ಗೊತ್ತಿರಬೇಕೆಂದಿಲ್ಲ. ಅವನು ಕಿವಿಯಲ್ಲಿ ಕೇಳಿದ ಕಟಕಟ ಸದ್ದನ್ನು ಅಕ್ಷರಕ್ಕಿಳಿಸುತ್ತಾನೆ, ಅಷ್ಟೆ. ಆದ್ದರಿಂದ ಕನ್ನಡ ಬಲ್ಲ ಇಬ್ಬರ ನಡುವೆಯೂ ತಂತಿ ಬಹುಪಾಲು ಇಂಗ್ಲಿಷಿನಲ್ಲೇ ಓಡಾಡಿತು. ಕನ್ನಡದ ಕಾಗದವನ್ನು ಕಷ್ಟಪಟ್ಟು ಓದಿಕೊಳ್ಳುತ್ತಿದ್ದ ತಂದೆ, ಮಗನ ತಂತಿಯನ್ನು ಹಿಡಿದು ಇಂಗ್ಲಿಷ್ ಬಲ್ಲವರ ಮನೆಬಾಗಿಲಿಗೆ ಹೋಗಬೇಕಾಯಿತು. ತಂತಿ ತಂದ ಬದಲಾವಣೆಗಳಲ್ಲಿ ನನಗೆ ಇದೇ ದೊಡ್ಡದೆಂದು ತೋರುತ್ತದೆ. ಸುದ್ದಿ ವೇಗವಾಗಿ ಬಂತು, ಆದರೆ ಬಂದ ಮನೆಗೆ ಅದನ್ನು ಬಿಡಿಸಿಕೊಳ್ಳುವ ಶಕ್ತಿ ಇರಲಿಲ್ಲ.

‘ತಂತಿ ಬಂತು’ ಎಂದರೆ ಮನೆಯವರ ಎದೆ ಡವಗುಟ್ಟುತ್ತಿದ್ದುದಕ್ಕೆ ಇದೂ ಒಂದು ಕಾರಣ. ಹಣ ಖರ್ಚುಮಾಡಿ ತಂತಿ ಕೊಡುವಂಥ ಸುದ್ದಿ ಸಾಮಾನ್ಯವಾಗಿ ಸಾವು ಅಥವಾ ಕಾಯಿಲೆ. ಕಾಗದದಲ್ಲಿದ್ದ ‘ಅಶುಭ’ದ ಮುನ್ಸೂಚನೆ ತಂತಿಯಲ್ಲಿಲ್ಲ, ಮೊದಲ ಪದವೇ ಸಿಡಿಲು. ಈ ಒರಟುತನಕ್ಕೆ ಜನರೇ ಒಂದು ಉಪಾಯ ಕಂಡುಕೊಂಡರು. ಸತ್ತವರನ್ನೂ ‘ಸೀರಿಯಸ್’ ಎಂದೇ ಬರೆದು ಕೂಡಲೇ ಹೊರಟುಬಾ ಎಂದರು. ಓದುವವರಿಗೂ ಅದರ ಒಳಗುಟ್ಟು ತಿಳಿದುಹೋಯಿತು. ದಾರಿಯುದ್ದಕ್ಕೂ ಬದುಕಿರಬಹುದೆಂಬ ಆಸೆಯೊಂದನ್ನು ಆ ಪದ ಉಳಿಸಿಕೊಡುತ್ತಿತ್ತು. ಮುಂದೆ ಇದೇ ಪದವನ್ನು ರಜೆ ಗಿಟ್ಟಿಸಲೂ ಬಳಸಿದವರುಂಟು. ಸೈನಿಕರಿಗೂ ನೌಕರರಿಗೂ ಊರಿಂದ ಬಂದ ತಂತಿ ಮೇಲಧಿಕಾರಿಗೆ ತೋರಿಸಬಹುದಾದ ಪುರಾವೆಯಾಗಿತ್ತು. ಹೀಗೆ ಒಕ್ಕಣೆಯನ್ನು ಓಡಿಸಿದ ತಂತಿಯಲ್ಲೇ ಇನ್ನೊಂದು ಒಕ್ಕಣೆ ಹುಟ್ಟಿತು.

ಶುಭಾಶಯಕ್ಕೆ ಇಲಾಖೆಯೇ ಒಕ್ಕಣೆ ಬರೆದುಕೊಟ್ಟಿತು. ಹಬ್ಬ, ಮದುವೆ, ಮಗುವಿನ ಜನನ, ಪರೀಕ್ಷೆಯ ಜಯ ಇವಕ್ಕೆಲ್ಲ ಸಿದ್ಧವಾಕ್ಯಗಳ ಪಟ್ಟಿ, ಒಂದೊಂದಕ್ಕೆ ಒಂದೊಂದು ಅಂಕಿ. 1 ಎಂದರೆ ದೀಪಾವಳಿಯ ಶುಭಾಶಯ, 8 ಎಂದರೆ ದೀರ್ಘ ಸುಖದಾಂಪತ್ಯದ ಹಾರೈಕೆ. ತಂತಿಯಲ್ಲಿ ಹೋಗುತ್ತಿದ್ದುದು ಅಂಕಿ ಮಾತ್ರ; ತಲುಪಿದ ಕಚೇರಿಯಲ್ಲಿ ಇಡೀ ವಾಕ್ಯವನ್ನು ಚಿತ್ರವಿದ್ದ ಹಾಳೆಯ ಮೇಲೆ ಬರೆದುಕೊಡುತ್ತಿದ್ದರು. ಮದುವೆಮನೆಗೆ ಬಂದ ತಂತಿಗಳೆಲ್ಲ ಒಂದೇ ವಾಕ್ಯ ಹೇಳುತ್ತಿದ್ದರೂ ಯಾರೂ ಬೇಸರಪಡಲಿಲ್ಲ. ಯಾರ ತಂತಿ ಬಂತು, ಯಾರದು ಬರಲಿಲ್ಲ ಎಂಬುದೇ ಮುಖ್ಯವಾಗಿತ್ತು.

ಮೊಬೈಲಿನ ಕಿರುಸಂದೇಶ ಬಂದಾಗ ಹಳೆಯ ಲೆಕ್ಕವೇ ಬೇರೆ ವೇಷದಲ್ಲಿ ಮರಳಿತು. ಇಂಗ್ಲಿಷ್ ಅಕ್ಷರಗಳಾದರೆ ಒಂದು ಸಂದೇಶಕ್ಕೆ 160, ಕನ್ನಡ ಲಿಪಿಯಾದರೆ 70. ಅಲ್ಲಿ ಒತ್ತಕ್ಷರ, ಸ್ವರಚಿಹ್ನೆಗಳಿಗೂ ಬೇರೆ ಬೇರೆ ಲೆಕ್ಕ. ಕನ್ನಡದ ಹುಡುಗರು ಮತ್ತೆ ರೋಮನ್ ಅಕ್ಷರಗಳಲ್ಲಿ ಕನ್ನಡ ಬರೆಯತೊಡಗಿದರು. ಈ ಕಿರುಸಂದೇಶದ ಮುಂದೆ ತಂತಿ ಉಳಿಯಲಿಲ್ಲ. 2013ರ ಜುಲೈ 15ರಿಂದ ಭಾರತದಲ್ಲಿ ತಂತಿ ಸೇವೆ ನಿಂತಿತು. ಅದಕ್ಕೆ ಮೊದಲಿನ ದಿನಗಳಲ್ಲಿ ತಂತಿ ಕಚೇರಿಗಳ ಮುಂದೆ ಎಷ್ಟೋ ವರ್ಷಗಳಿಂದ ಕಾಣದ ಸರದಿಸಾಲು. ಹುಟ್ಟಿದಂದಿನಿಂದ ಒಂದು ತಂತಿಯನ್ನೂ ಕಾಣದ ಹುಡುಗ ಹುಡುಗಿಯರೂ ಅದರಲ್ಲಿದ್ದರು. ನೆನಪಿಗೆ ಇಟ್ಟುಕೊಳ್ಳಲೆಂದು ಹಲವರು ತಮ್ಮ ವಿಳಾಸಕ್ಕೆ ತಾವೇ ತಂತಿ ಕೊಟ್ಟುಕೊಂಡರು.